ಒಂದರಿಂದ ಹತ್ತರವರೆಗಿನ ಮೊತ್ತ

ಆ ಹೈಸ್ಕೂಲಿನ ಲ್ಯಾಬಿನಲ್ಲಿ ಇಪ್ಪತ್ತು ಕಂಪ್ಯೂಟರುಗಳಿದ್ದವು, ಒಂಬತ್ತು ವರ್ಷಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಹೆಡ್‌ಮಾಸ್ಟರು ಇದನ್ನು ಪ್ರತಿ ಸಭೆಯಲ್ಲೂ ಎದೆಯುಬ್ಬಿಸಿ ಹೇಳುತ್ತಿದ್ದರು. ಬೇರೆ ಶಾಲೆಗಳಲ್ಲಿ ಮಕ್ಕಳು ಕೀಬೋರ್ಡು ಕುಟ್ಟಿ ಕುಟ್ಟಿ ಅಕ್ಷರಗಳನ್ನೇ ಅಳಿಸಿಬಿಟ್ಟಿದ್ದರಂತೆ. ಇಲ್ಲಿ ಮಾತ್ರ ಪೆಟ್ಟಿಗೆಯಿಂದ ತೆಗೆದ ದಿನ ಹೇಗಿದ್ದವೋ ಹಾಗೇ ಇದ್ದವು. ಇರದೆ ಏನು ಮಾಡ್ಯಾವು? ಅವನ್ನು ಯಾರೂ ಮುಟ್ಟಿರಲಿಲ್ಲ.

ಮುಟ್ಟದ ಹಾಗೆ ಕಾಪಾಡಿದವರು ಹೊಲಿಗೆ ಮೇಡಂ. ಕರೆಯುವುದು ಹೊಲಿಗೆ ಮೇಡಂ ಎಂದು, ಕಲಿಸುವುದು ಕಂಪ್ಯೂಟರ್ ವಿಜ್ಞಾನ. ಅದಕ್ಕೊಂದು ಕತೆ ಇದೆ. ಮೊದಲು ಆ ಕೋಣೆಯಲ್ಲಿ ಹನ್ನೆರಡು ಹೊಲಿಗೆ ಮಿಷನ್ನುಗಳಿದ್ದವು. ಒಂದು ದಿನ ಮೇಲಿನಿಂದ ಕಾಗದ ಬಂತು, ಹೊಲಿಗೆ ಇನ್ನು ಪಾಠವಲ್ಲ ಎಂದು. ಮಿಷನ್ನುಗಳು ಲಾರಿ ಹತ್ತಿ ಹೋದವು. ಮೇಡಂ ಹೆಸರು ‘ಹೆಚ್ಚುವರಿ ಶಿಕ್ಷಕರು’ ಎಂಬ ಪಟ್ಟಿ ಸೇರಿತು. ಆ ಪಟ್ಟಿಗೆ ಬಿದ್ದವರನ್ನು ಎಲ್ಲಿಗೆ ಎತ್ತಿ ಹಾಕುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಅದೇ ಕೋಣೆಗೆ ಕಂಪ್ಯೂಟರುಗಳು ಬಂದಿಳಿದವು, ಕಲಿಸುವವರು ಮಾತ್ರ ಬರಲಿಲ್ಲ.

ಹೆಡ್‌ಮಾಸ್ಟರು ಮೂರು ದಿನ ಯೋಚಿಸಿ ಮೇಡಂ ಅವರನ್ನು ಕರೆಸಿದರು.

“ನೋಡಿ ಮೇಡಂ, ಈ ಸ್ಕೂಲಲ್ಲಿ ಮಿಷನ್ ಮುಂದೆ ಕೂತು ಅಭ್ಯಾಸ ಇರೋರು ನೀವೊಬ್ರೇ.”

“ಅದು ಬೇರೆ ಮಿಷನ್ನು, ಇದು ಬೇರೆ ಮಿಷನ್ನು ಸಾರ್.”

“ಅದಕ್ಕೆ ಕಾಲಲ್ಲೂ ತುಳೀಬೇಕಿತ್ತು. ಇದಕ್ಕೆ ಕೈ ಮಾತ್ರ. ಇನ್ನೂ ಸುಲಭ.”

ಐದು ದಿನದ ತರಬೇತಿಗೆ ಕಳಿಸಿದರು. ಮೂರು ದಿನ ಭಾಷಣ, ನಾಲ್ಕನೆಯ ದಿನ ಗುಂಪು ಫೋಟೋ, ಐದನೆಯ ದಿನ ಸರ್ಟಿಫಿಕೇಟು. ಹೊಲಿಗೆ ಮೇಡಂ ಕಂಪ್ಯೂಟರ್ ಮೇಡಂ ಆಗಿ ಹಿಂದಿರುಗಿದರು, ಹೆಚ್ಚುವರಿ ಪಟ್ಟಿಯಿಂದ ಹೆಸರು ಅಳಿಸಿಹೋಯಿತು. ಬಂದವರು ಮೊದಲು ಮಾಡಿದ ಕೆಲಸವೆಂದರೆ ಇಪ್ಪತ್ತು ಕಂಪ್ಯೂಟರಿಗೂ ಅಳತೆ ತೆಗೆದು ಗವಸು ಹೊಲಿದದ್ದು. ನೀಲಿ ಬಟ್ಟೆ, ಅಂಚಿಗೆ ಬಿಳಿ ಪಟ್ಟಿ, ಹೊಲಿಗೆ ಎಲ್ಲೂ ಒಂದು ಕೂದಲೆಳೆಯಷ್ಟು ಸೊಟ್ಟಗಿರಲಿಲ್ಲ. ತಪಾಸಣೆಗೆ ಬಂದ ಅಧಿಕಾರಿಗಳು ಗವಸುಗಳನ್ನು ಸವರಿ ನೋಡಿ, “ಲ್ಯಾಬ್ ಬಹಳ ಚೆನ್ನಾಗಿದೆ” ಎಂದು ಬರೆದು ಹೋದರು.

ಪಾಠ ನಡೆಯುತ್ತಿದ್ದದ್ದು ತರಗತಿಯಲ್ಲಿ, ಕರಿಹಲಗೆಯ ಮೇಲೆ. ‘ಖಚಿತ ಅಂಕ’ ಎಂಬ ಗೈಡು ಇತ್ತು. ಅದರಲ್ಲಿ ಹನ್ನೆರಡು ಪ್ರೋಗ್ರಾಮುಗಳು. ಮೇಡಂ ಹಲಗೆಯ ಮೇಲೆ ಬರೆಯುವುದು, ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು, ಮನೆಗೆ ಹೋಗಿ ಉರು ಹೊಡೆಯುವುದು. ಪ್ರೋಗ್ರಾಮಿನ ಕೆಳಗೆ ಸ್ಕೇಲಿಟ್ಟು ಪೆನ್ಸಿಲಿನಿಂದ ಚೌಕ ಎಳೆದು ಅದರೊಳಗೆ ‘ಔಟ್‌ಪುಟ್’ ಬರೆಯಬೇಕು, ಅಂದರೆ ಈ ಪ್ರೋಗ್ರಾಮನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಏನು ಉತ್ತರ ಹೇಳುತ್ತದೋ ಅದು. ಕಂಪ್ಯೂಟರು ಏನು ಹೇಳುತ್ತದೆಂದು ಕಂಪ್ಯೂಟರನ್ನು ಯಾರೂ ಕೇಳುತ್ತಿರಲಿಲ್ಲ. ಗೈಡಿನಲ್ಲಿ ಅಚ್ಚಾಗಿತ್ತಲ್ಲ. ಪ್ರಾಕ್ಟಿಕಲ್ ಪರೀಕ್ಷೆಯೂ ಕಾಗದದ ಮೇಲೆಯೇ. ಚೌಕದ ಗೆರೆ ದಾಟಿ ಉತ್ತರ ಬರೆದರೆ ಅರ್ಧ ಅಂಕ ಕಟ್.

ಆ ಅರ್ಧ ಅಂಕದ ನಿಯಮ ಮೇಡಂ ಅವರದೇ. ಹಾಗೆ ನೋಡಿದರೆ ಅವರು ಕಳ್ಳಾಟದವರಲ್ಲ. ಹೊಲಿಗೆ ಕಲಿಸುವ ಕಾಲದಲ್ಲಿ ಒಂದು ಸೊಟ್ಟ ಕಾಲರಿಗೂ ಅಂಕ ಕೊಟ್ಟವರಲ್ಲ, ಬಿಚ್ಚಿ ಮತ್ತೆ ಹೊಲಿಸುತ್ತಿದ್ದರು. ಈ ಹೊಸ ವಿಷಯದಲ್ಲಿ ಯಾವುದು ಸೊಟ್ಟ ಯಾವುದು ನೆಟ್ಟಗೆ ಎಂದು ಅವರಿಗೆ ಕಾಣುತ್ತಿರಲಿಲ್ಲ. ಕಂಡದ್ದು ಪೆನ್ಸಿಲ್ ಗೆರೆಯೊಂದೇ, ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ವರ್ಷ ವರ್ಷವೂ ನೂರಕ್ಕೆ ನೂರು ಫಲಿತಾಂಶ. ಒಳಗೊಳಗೇ ನಾಚಿಕೆ ಇತ್ತು. ಅದಕ್ಕೂ ಒಂದು ಗವಸು ಹೊಲಿದು ಹಾಕಿದ್ದರು ಅನ್ನಿ.

ಎಲ್ಲವೂ ನೆಟ್ಟಗೆ ನಡೆಯುತ್ತಿರುವಾಗ ಹತ್ತನೇ ತರಗತಿಗೆ ಯಾಕಮ್ಮ ಬಂದಳು.

ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಸ್ಟಾಫ್ ರೂಮಿನಲ್ಲಿ ಇಟ್ಟದ್ದು. ಏನು ಹೇಳಿದರೂ “ಯಾಕೆ?” ಎನ್ನುವ ಹುಡುಗಿ. ಇತಿಹಾಸದ ಮೇಷ್ಟ್ರು ಅವಳನ್ನು ಕಂಡರೆ ಪಾಠ ಅರ್ಧಕ್ಕೆ ನಿಲ್ಲಿಸಿ ಹಾಜರಿ ಕರೆಯಲು ಶುರು ಮಾಡುತ್ತಿದ್ದರು. ಕಂಪ್ಯೂಟರ್ ತರಗತಿಯಲ್ಲಿ ಅವಳು ಐದು ಪ್ರೋಗ್ರಾಮುಗಳವರೆಗೆ ತೆಪ್ಪಗೆ ಕೂತಿದ್ದಳು. ಆರನೆಯದು ‘ಒಂದರಿಂದ ಹತ್ತರವರೆಗಿನ ಮೊತ್ತ’. ಶಾಲೆಯ ಮುದ್ದಿನ ಪ್ರೋಗ್ರಾಮು ಅದು. ಒಂಬತ್ತು ವರ್ಷದಿಂದ ಪ್ರಾಕ್ಟಿಕಲ್ ಪರೀಕ್ಷೆಗೆ ಅದೇ ಬರುತ್ತಿತ್ತು, ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮೇಡಂ ಹಲಗೆಯ ಮೇಲೆ ಬರೆದು, ಚೌಕ ಎಳೆದು, ಒಳಗೆ ‘೫೫’ ಎಂದು ಬರೆದು ಕೈಯ ಸೀಮೆಸುಣ್ಣ ಒರೆಸಿಕೊಳ್ಳುತ್ತಿದ್ದಾಗ ಅವಳು ಎದ್ದು ನಿಂತಳು.

“ಮೇಡಂ, ಇದಕ್ಕೆ ಐವತ್ತೈದು ಬರಲ್ಲ. ನಲವತ್ತೈದು ಬರುತ್ತೆ.”

“ಒಂದರಿಂದ ಹತ್ತರವರೆಗೆ ಕೂಡಿದ್ರೆ ಎಷ್ಟಮ್ಮ?”

“ಐವತ್ತೈದು.”

“ಮತ್ತೆ? ಕೂತ್ಕೋ.”

“ಆದ್ರೆ ಹತ್ತನ್ನ ಕೂಡು ಅಂತ ಇಲ್ಲಿ ಹೇಳೇ ಇಲ್ವಲ್ಲ ಮೇಡಂ. ಮೂರನೇ ಸಾಲು ನೋಡಿ. ಎಣಿಕೆ ಹತ್ತಕ್ಕಿಂತ ಕಮ್ಮಿ ಇರೋ ತನಕ ಕೂಡ್ತಾ ಹೋಗು ಅಂತ ಇದೆ. ಒಂಬತ್ತು ಕಮ್ಮಿ, ಕೂಡುತ್ತೆ. ಹತ್ತು ಹತ್ತಕ್ಕಿಂತ ಕಮ್ಮಿ ಅಲ್ಲ. ಅಲ್ಲಿಗೆ ನಿಂತುಬಿಡುತ್ತೆ.”

“ಮೇಲೆ ಅಷ್ಟು ದಪ್ಪ ಅಕ್ಷರದಲ್ಲಿ ಹೆಡ್ಡಿಂಗ್ ಇದೆಯಲ್ಲ, ಹತ್ತರವರೆಗೆ ಅಂತ?”

“ಹೆಡ್ಡಿಂಗ್ ನಾವು ಓದ್ತೀವಿ ಮೇಡಂ. ಕಂಪ್ಯೂಟರ್ ಓದಲ್ಲ.”

ತರಗತಿ ಗೊಳ್ಳೆಂದು ನಕ್ಕಿತು. ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಕೂರಿಸಿದರು. ವಾರದ ಟೆಸ್ಟಿನಲ್ಲಿ ಅವಳು ಚೌಕದೊಳಗೆ ಅಚ್ಚುಕಟ್ಟಾಗಿ ‘೪೫’ ಎಂದು ಬರೆದಿದ್ದಳು. ಮೇಡಂ ಅಷ್ಟೇ ಅಚ್ಚುಕಟ್ಟಾಗಿ ಸೊನ್ನೆ ಸುತ್ತಿದರು.

ಸೊನ್ನೆ ಸುತ್ತಿದ್ದೇನೋ ಸುತ್ತಿದರು, ಅದು ಅವರ ಜೊತೆ ಮನೆಗೂ ಬಂತು. ಸಂಜೆ ಗಂಡನ ಹೊಸ ಅಂಗಿಗೆ ಗುಂಡಿ ತೂರಿಸುವ ಕಾಜ ಮಾಡುತ್ತಾ ಕೂತಿದ್ದರು. ಗಂಡ ಅಂಚೆ ಕಚೇರಿಯ ಕೌಂಟರಿನವರು, ಎಲ್ಲದಕ್ಕೂ ಉತ್ತರ ಗೊತ್ತಿರುವ ಮನುಷ್ಯ.

“ರೀ, ಒಂದರಿಂದ ಹತ್ತರವರೆಗೆ ಕೂಡಿದ್ರೆ ಎಷ್ಟು?”

“ಐವತ್ತೈದು.”

“ಒಂದು ಹುಡುಗಿ ನಲವತ್ತೈದು ಅಂತಾಳೆ.”

“ನಿನ್ನ ಹತ್ರ ಕಲಿತ್ರೆ ಇನ್ನೇನಾಗುತ್ತೆ?” ಎಂದು ಅವರು ಪೇಪರು ಮಗುಚಿದರು.

ಮೇಡಂ ಕಾಜ ಎಣಿಸಿದರು. ಏಳು ಆಗಬೇಕು. ಯಾರಾದರೂ ನನಗೆ, ಕಾಜದ ನಂಬರು ಏಳಕ್ಕಿಂತ ಕಮ್ಮಿ ಇರೋ ತನಕ ಮಾತ್ರ ಮಾಡು ಎಂದು ಹೇಳಿದ್ದರೆ? ನಾನು ಹೇಳಿದಷ್ಟೇ ಮಾಡುವವಳಾಗಿದ್ದರೆ? ಆರನೆಯದು ಮುಗಿಸಿ ಸೂಜಿ ಇಟ್ಟುಬಿಡುತ್ತಿದ್ದೆ. ಅಂಗಿಯ ಜೊತೆಗಿನ ಚೀಟಿಯಲ್ಲಿ ಏಳು ಎಂದು ಬರೆದಿದ್ದರೇನು, ಅಂಗಿಯಲ್ಲಿರುವುದು ಆರೇ. ಹೊಟ್ಟೆ ಹತ್ತಿರ ಒಂದು ಬಿಟ್ಟಿರುತ್ತದೆ, ಅಷ್ಟೆ. ಅವರ ಕೈಯ ಸೂಜಿ ಹಾಗೇ ನಿಂತಿತು. ಮೂರನೇ ಸಾಲು ಕಣ್ಣ ಮುಂದೆ ಬಂತು. ಒಂಬತ್ತು ವರ್ಷ, ವರ್ಷಕ್ಕೆ ನಲವತ್ತು ಮಕ್ಕಳಿಗೆ, ನಾನು ಆರು ಕಾಜದ ಅಂಗಿ ತೋರಿಸಿ ಏಳು ಎಂದು ಬರೆಸಿದ್ದೇನೆ ಎನ್ನುವುದು ಅವರಿಗೆ ತಟ್ಟನೆ ಅರ್ಥವಾಯಿತು.

ಮರುದಿನ ಕೊನೆಯ ಪೀರಿಯಡ್ ಮುಗಿದ ಮೇಲೆ ಆಫೀಸಿನಿಂದ ಲ್ಯಾಬಿನ ಬೀಗದ ಕೈ ಇಸಿದುಕೊಂಡು ಯಾಕಮ್ಮನನ್ನು ಕರೆದರು. ಮೂಲೆಯ ಕಂಪ್ಯೂಟರಿನ ಗವಸು ತೆಗೆದರು. ಎಲ್ಲಿ ಒತ್ತಬೇಕೆಂದು ಮೇಡಂಗೆ ಗೊತ್ತಿರಲಿಲ್ಲ. ಹುಡುಗಿಗೆ ಗೊತ್ತಿತ್ತು, ಅವಳ ಚಿಕ್ಕಮ್ಮ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಳು. ಕಂಪ್ಯೂಟರು ಸುಮಾರು ಹೊತ್ತು ಗೊರ್ರೆಂದು ಎಚ್ಚರವಾಯಿತು. ಹುಡುಗಿ ಎರಡು ಬೆರಳಿನಲ್ಲಿ ಗೈಡಿನ ಪ್ರೋಗ್ರಾಮನ್ನು ಇದ್ದಂತೆ ಟೈಪ್ ಮಾಡಿದಳು. ಪರದೆಯ ಮೇಲೆ ಉತ್ತರ ಬಂತು. ನಲವತ್ತೈದು.

“ಈಗ ಇಲ್ಲಿ ನೋಡಿ ಮೇಡಂ. ಹತ್ತಕ್ಕಿಂತ ಕಮ್ಮಿ ಅನ್ನೋ ಕಡೆ, ಕಮ್ಮಿ ಅಥವಾ ಸಮ ಅಂತ ಮಾಡ್ತೀನಿ.”

ಐವತ್ತೈದು ಬಂತು.

“ಇಪ್ಪತ್ತರವರೆಗೆ ಮಾಡ್ಬೋದಾ?” ಎಂದು ಮೇಡಂ ಕೇಳಿದರು.

“ನೀವೇ ಮಾಡಿ.”

ಮೇಡಂ ಹತ್ತು ಅಳಿಸಿ ಇಪ್ಪತ್ತು ಹಾಕಿದರು. ಇನ್ನೂರ ಹತ್ತು ಬಂತು. ಕಾಗದದ ಮೇಲೆ ಕೂಡಿ ನೋಡಿದರು, ಇನ್ನೂರ ಹತ್ತೇ. ಆಮೇಲೆ ನೂರಕ್ಕೆ ಮಾಡಿದರು, ಬರೀ ಸರಿಸಂಖ್ಯೆಗಳನ್ನು ಕೂಡಿಸಿದರು, ಬೇಕಂತಲೇ ತಪ್ಪು ಮಾಡಿ ಏನಾಗುತ್ತದೆಂದು ನೋಡಿದರು. ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ಯಾವ ಕತ್ತರಿ ಎಲ್ಲಿ ಹಾಯಿಸಿದರೆ ಯಾವ ಆಕಾರ ಬೀಳುತ್ತದೆಂಬ ಹಳೆಯ ಖುಷಿ ಅವರಿಗೆ ಮತ್ತೆ ಸಿಕ್ಕಿತು. ತಮ್ಮ ವಿಷಯ ತಮಗೆ ತಿಳಿದದ್ದು ಅಂದೇ ಮೊದಲು. ಆ ಹುಡುಗಿಯನ್ನು ಅಪ್ಪಿಕೊಳ್ಳಬೇಕೆನಿಸಿತು, ಆದರೆ ಅಪ್ಪಿಕೊಳ್ಳದೆ ಸೊನ್ನೆ ಹೊಡೆದುಹಾಕಿ ಎರಡು ಅಂಕ ಕೊಟ್ಟರು.

ಸುದ್ದಿ ಹೆಡ್‌ಮಾಸ್ಟರಿಗೆ ಮುಟ್ಟದೆ ಇರುತ್ತದೆಯೇ? ಮರುದಿನ ಬೆಳಗ್ಗೆಯೇ ಕರೆ ಬಂತು.

“ಲ್ಯಾಬಲ್ಲಿ ಕಂಪ್ಯೂಟರ್ ಆನ್ ಮಾಡಿದ್ರಂತೆ?” ಎಂದರು, ಮೇಡಂ ಅಲ್ಲಿ ಒಲೆ ಹಚ್ಚಿದ್ದರು ಎನ್ನುವ ಧಾಟಿಯಲ್ಲಿ.

ಮೇಡಂ ನಡೆದದ್ದನ್ನು ಹೇಳಿದರು. ಹೆಡ್‌ಮಾಸ್ಟರು ಕಣ್ಣುಮುಚ್ಚಿ ಕೇಳಿದರು.

“ಮೇಡಂ, ಮುಂದಿನ ತಿಂಗಳು ಪ್ರಾಕ್ಟಿಕಲ್. ಪರೀಕ್ಷಕರು ಯಾರು ಗೊತ್ತಾ? ‘ಖಚಿತ ಅಂಕ’ ಬರೆದೋರೇ. ಅವರ ಪುಸ್ತಕ ತಪ್ಪು ಅಂತ ಅವರ ಮುಂದೇನೇ ಬರೆದ್ರೆ ಬಿಡ್ತಾರಾ? ಇರೋದೊಂದೇ ಪ್ರಶ್ನೆ. ಫೇಲು. ಪ್ರಾಕ್ಟಿಕಲ್ ಫೇಲಾದ್ರೆ ಆ ಹುಡುಗಿ ಮತ್ತೆ ಒಂದು ವರ್ಷ ಇಲ್ಲೇ ಕೂರಬೇಕು. ನಮ್ಮ ನೂರಕ್ಕೆ ನೂರು ಹೋಗುತ್ತೆ. ನೂರು ಹೋದ ಮೇಲೆ ನಿಮ್ಮ ಹೆಸರು ಮತ್ತೆ ಯಾವ ಪಟ್ಟಿಗೆ ಹೋಗುತ್ತೆ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?”

“ಆದ್ರೆ ಅವಳು ಹೇಳೋದು ಸರಿ ಸಾರ್.”

“ಸರಿ ಇರಲಿ. ಯಾರು ಬೇಡ ಅಂದ್ರು? ಪರೀಕ್ಷೆಯಲ್ಲಿ ಬರೆಯೋದು ಬೇಡ ಅಂತ ಹೇಳಿ.”

ಮೇಡಂ ಹೋಗಿ ಹೇಳಿದರು. ಶಾಲೆಯ ಮೆಟ್ಟಿಲ ಬಳಿ ನಿಂತು ಆ ಮಾತು ಹೇಳುವಾಗ ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು.

“ಪರೀಕ್ಷೇಲಿ ಐವತ್ತೈದು ಅಂತ ಬರೆದುಬಿಡಮ್ಮ.”

“ಯಾಕೆ? ನೀವೇ ನೋಡಿದ್ರಲ್ಲ ಮೇಡಂ.”

“ನೋಡಿದೆ. ಆದ್ರೂ ಬರೆದುಬಿಡು. ವರ್ಷ ಹಾಳಾಗುತ್ತೆ.”

ಹುಡುಗಿ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟುಹೋದಳು.

ಪ್ರಾಕ್ಟಿಕಲ್ ದಿನ ಪರೀಕ್ಷಕರು ಹತ್ತು ಗಂಟೆಗೆ ಬಂದರು. ದುಂಡು ಮುಖ, ಮೆತ್ತಗಿನ ಮಾತು, ಜೇಬಿನಲ್ಲಿ ನಾಲ್ಕು ಬಣ್ಣದ ಪೆನ್ನು. ಮಕ್ಕಳು ಲ್ಯಾಬಿನಲ್ಲಿ ಗವಸು ಹೊದ್ದ ಕಂಪ್ಯೂಟರುಗಳ ಎದುರು ಕೂತು, ಅವನ್ನು ಪಕ್ಕಕ್ಕೆ ಸರಿಸಿ, ಸಿಕ್ಕ ಜಾಗದಲ್ಲಿ ಕಾಗದವಿಟ್ಟು ಬರೆದರು. ಪ್ರಶ್ನೆ ಆರನೆಯ ಪ್ರೋಗ್ರಾಮೇ. ಅರ್ಧ ಗಂಟೆಯೊಳಗೆ ನಲವತ್ತು ಕಾಗದ ಪರೀಕ್ಷಕರ ಮೇಜು ಸೇರಿದವು. ಮೂವತ್ತೊಂಬತ್ತರಲ್ಲಿ ಐವತ್ತೈದು. ಒಂದರಲ್ಲಿ ನಲವತ್ತೈದು.

ಕಾಗದದ ಕಟ್ಟಿನ ಪಕ್ಕದಲ್ಲೇ ನಿಂತಿದ್ದ ಮೇಡಂಗೆ ಆ ಅಂಕಿ ತಟ್ಟನೆ ಕಂಡಿತು. ಹೆದರಿಕೆಯಾಯಿತು. ಅದರ ಹಿಂದೆಯೇ, ಏನೂ ಸಂಬಂಧವಿಲ್ಲದ ಹಾಗೆ, ಹೆಮ್ಮೆಯೂ ಆಯಿತು.

ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಹುಡುಗಿಯನ್ನು ಕರೆದರು.

“ಕೂಡೋದು ಬರಲ್ವೇನಮ್ಮ?”

“ಬರುತ್ತೆ ಸಾರ್. ಆದ್ರೆ ಈ ಪ್ರೋಗ್ರಾಮ್ ಹತ್ತನ್ನ ಕೂಡಲ್ಲ. ಬೇಕಾದ್ರೆ ಕಂಪ್ಯೂಟರ್ ಆನ್ ಮಾಡಿ ನೋಡಿ ಸಾರ್.”

ಕಂಪ್ಯೂಟರ್ ಲ್ಯಾಬಿನಲ್ಲಿ ಕಂಪ್ಯೂಟರ್ ಪರೀಕ್ಷೆಯ ಹೊತ್ತಿನಲ್ಲಿ ಕಂಪ್ಯೂಟರ್ ಆನ್ ಮಾಡಿ ಎಂದು ಒಬ್ಬಳು ಹೇಳಿದ್ದಕ್ಕೆ ಹೆಡ್‌ಮಾಸ್ಟರು ಬೆವರು ಒರೆಸಿಕೊಂಡರು. ಪರೀಕ್ಷಕರಿಗೆ ಮಾತ್ರ ತಮ್ಮ ಪುಸ್ತಕದ ಮೇಲೆ ಪೂರ್ತಿ ನಂಬಿಕೆ. “ಮಾಡ್ರಿ, ಮಾಡ್ರಿ” ಎಂದರು. ಮೇಡಂ ಗವಸು ತೆಗೆದು ಆನ್ ಮಾಡಿದರು. ಪರೀಕ್ಷಕರೇ ನಿಂತು ಒಂದೊಂದು ಸಾಲನ್ನೂ ಓದಿ ಹೇಳಿದರು, ಹುಡುಗಿ ಹೇಳಿದಂತೆ ಟೈಪ್ ಮಾಡಿದಳು. ನಲವತ್ತೈದು ಬಂತು.

“ಹಳೇ ಕಂಪ್ಯೂಟರು,” ಎಂದರು ಪರೀಕ್ಷಕರು. “ಇನ್ನೊಂದು ನೋಡಿ.”

ಇನ್ನೊಂದರಲ್ಲೂ ನಲವತ್ತೈದು. ಕಿಟಕಿ ಪಕ್ಕದ್ದರಲ್ಲೂ ನಲವತ್ತೈದು.

“ಎಲ್ಲ ಒಂದೇ ಕಂಪನಿದಾ?”

“ಹೌದು ಸಾರ್,” ಎಂದರು ಹೆಡ್‌ಮಾಸ್ಟರು.

“ಅದೇ ಮತ್ತೆ! ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬಂದಿದೆ.”

ನಂಬಿಕೆ ಬರಲೆಂದು ಇಬ್ಬರೂ ಅಲ್ಲೇ ನಿಂತು ಬೆರಳು ಮಡಚಿ ಮಡಚಿ ಕೂಡಿದರು. ಹೆಡ್‌ಮಾಸ್ಟರಿಗೆ ಮೊದಲ ಸಲ ಐವತ್ತನಾಲ್ಕು ಬಂತು, ಎರಡನೆಯ ಸಲ ಐವತ್ತೈದು. ಮನುಷ್ಯನ ಬೆರಳು ಐವತ್ತೈದು ಹೇಳುತ್ತಿರುವಾಗ ಕಂಪ್ಯೂಟರಿನ ಮಾತು ಯಾರು ಕೇಳಬೇಕು? ಪರೀಕ್ಷಕರು ದೊಡ್ಡ ಮನಸ್ಸು ಮಾಡಿದರು. ಕಾಗದವನ್ನು ಹುಡುಗಿಯ ಕಡೆ ತಳ್ಳಿದರು.

“ಚಿಕ್ಕವಳು, ಹೋಗಲಿ. ನಿನ್ನ ಕೈಯಾರೆ ಉತ್ತರ ತಿದ್ದಿಬಿಡು. ಪೂರ್ತಿ ಅಂಕ ಕೊಡ್ತೀನಿ.”

ಹುಡುಗಿ ಪೆನ್ನು ತೆಗೆದುಕೊಂಡಳು. ಹೆಡ್‌ಮಾಸ್ಟರ ಉಸಿರು ಹಗುರವಾಯಿತು.

“ಐವತ್ತೈದು ಬೇಕು ಅಂದ್ರೆ ಉತ್ತರ ತಿದ್ದೋದಲ್ಲ ಸಾರ್. ಪ್ರೋಗ್ರಾಮ್ ತಿದ್ದಬೇಕು. ಮೂರನೇ ಸಾಲಲ್ಲಿ ಕಮ್ಮಿ ಅನ್ನೋ ಗುರುತಿನ ಕೆಳಗೆ ಒಂದೇ ಒಂದು ಗೆರೆ, ‘ಅಥವಾ ಸಮ’ ಅಂತ. ಹಾಕ್ಲಾ?”

“ಅಚ್ಚಾಗಿರೋ ಪ್ರೋಗ್ರಾಮಿಗೆ ಗೆರೆ ಹಾಕೋಕೆ ನೀನ್ಯಾರಮ್ಮ?” ಪರೀಕ್ಷಕರ ಮೆತ್ತಗಿನ ದನಿ ಒಮ್ಮೆಲೇ ಒರಟಾಯಿತು. ಕಾಗದ ಕಿತ್ತುಕೊಂಡು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು, ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಸೊನ್ನೆ ಹಾಕಿದರು. ತಮ್ಮ ಸಹಿ ಮಾಡಿದರು. ಪಟ್ಟಿಗೆ ಎರಡು ಸಹಿ ಬೇಕು, ಪರೀಕ್ಷಕರದೊಂದು, ಕಲಿಸಿದವರದೊಂದು. ಪೆನ್ನು ಮೇಡಂ ಕಡೆ ಚಾಚಿದರು.

ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ತಲೆ ತಗ್ಗಿಸಿರಲಿಲ್ಲ. ಮೇಡಂ ಅವಳನ್ನು ನೋಡಿದರು, ಪಟ್ಟಿಯನ್ನು ನೋಡಿದರು. ಮಗು ಸರಿಯಾಗಿ ಹೊಲಿದದ್ದನ್ನು ತಾನು ನಿಂತು ಬಿಚ್ಚಿಸಬೇಕೇ ಎನಿಸಿತು.

“ನಾನು ಸಹಿ ಹಾಕಲ್ಲ ಸಾರ್.”

“ಮೇಡಂ!” ಎಂದರು ಹೆಡ್‌ಮಾಸ್ಟರು.

“ಒಂಬತ್ತು ವರ್ಷ ಕಣ್ಮುಚ್ಚಿ ಹಾಕಿದೀನಿ. ಇದಕ್ಕೆ ಹಾಕಲ್ಲ.”

“ಸಹಿ ಇಲ್ದೆ ಪಟ್ಟಿ ಹೋಗಲ್ಲ,” ಎಂದರು ಪರೀಕ್ಷಕರು. “ನಲವತ್ತು ಮಕ್ಕಳ ಫಲಿತಾಂಶ ನಿಂತುಹೋಗುತ್ತೆ. ನಿಮ್ಮ ಹಟಕ್ಕೆ.”

ಒಮ್ಮೆ ಬಾಯಿ ಬಿಟ್ಟ ಮೇಲೆ ಮುಚ್ಚುವುದು ಮೇಡಂಗೂ ಆಗಲಿಲ್ಲ.

“ಹಾಗಾದ್ರೆ ಹಾಕ್ತೀನಿ. ಆದ್ರೆ ಕೆಳಗೆ ಕಾರಣ ಬರೆದು ಹಾಕ್ತೀನಿ. ಆರನೇ ಪ್ರೋಗ್ರಾಮಿನ ಉತ್ತರ ಗೈಡಲ್ಲೇ ತಪ್ಪಿದೆ, ಒಂಬತ್ತು ವರ್ಷದಿಂದ ತಪ್ಪಿದೆ, ನಾನೂ ತಪ್ಪೇ ಕಲಿಸಿದೀನಿ, ಮೂರು ಕಂಪ್ಯೂಟರಲ್ಲಿ ಪರೀಕ್ಷಕರೇ ಖುದ್ದಾಗಿ ನೋಡಿದಾರೆ ಅಂತ. ಕೊಡಿ ಪೆನ್ನು.”

ಪರೀಕ್ಷಕರು ಪೆನ್ನು ಕೊಡಲಿಲ್ಲ. ಬಾಯಿಮಾತಿಗೆ ಅವರು ಹೆದರುವವರಲ್ಲ. ಬರೆದದ್ದಕ್ಕೆ ಹೆದರುತ್ತಿದ್ದರು, ತಾವೇ ಪುಸ್ತಕ ಬರೆದವರಲ್ಲವೇ. ಆಮೇಲೆ ಅವರ ದುಂಡು ಮುಖದ ಮೇಲೆ ನಗೆ ಹರಡಿತು.

“ಛೇ ಛೇ, ಇಷ್ಟಕ್ಕೆಲ್ಲ ಯಾಕೆ ಮೇಡಂ? ಇದನ್ನ ಪರ್ಯಾಯ ಉತ್ತರ ಅಂತ ತಗೊಳ್ಳೋಣ. ಅದೂ ಸರಿ, ಇದೂ ಸರಿ.”

ಸೊನ್ನೆಯ ಎಡಕ್ಕೆ ಒಂದು ‘೩’ ಸೇರಿಸಿದರು. ಮೂವತ್ತಕ್ಕೆ ಮೂವತ್ತು. ಹುಡುಗಿ ಹೊರಗೆ ಓಡಿದಳು. ಅಂಗಳದಲ್ಲಿ ಅವಳು ಕೂಗಿದ್ದು ಲ್ಯಾಬಿನವರೆಗೂ ಕೇಳಿಸಿತು. ಮೇಡಂ ಸಹಿ ಹಾಕಿದರು. ಆ ದಿನ ಅವರು ಬಸ್ಸು ಬಿಟ್ಟು ಮನೆಯವರೆಗೂ ನಡೆದೇ ಹೋದರು. ಗಂಡನಿಗೆ ಎಲ್ಲವನ್ನೂ ಹೇಳಿದಾಗ ಅವರು ಪೇಪರು ಕೆಳಗಿಟ್ಟು ಕಿವಿಗೊಟ್ಟರು, ಅದೇ ದೊಡ್ಡದು.

ರಜೆ ಮುಗಿಯಿತು. ಯಾಕಮ್ಮ ಒಳ್ಳೆಯ ಅಂಕ ಪಡೆದು ಕಾಲೇಜು ಸೇರಿದ್ದಳು. ಮೇಡಂ ಈ ವರ್ಷ ಮಕ್ಕಳನ್ನು ಮೊದಲ ದಿನವೇ ಕಂಪ್ಯೂಟರುಗಳ ಮುಂದೆ ಕೂರಿಸಬೇಕೆಂದು ನಿರ್ಧರಿಸಿ, ರಜೆಯಲ್ಲಿ ತಾವೂ ಒಂದಿಷ್ಟು ಓದಿಕೊಂಡು ಬಂದಿದ್ದರು. ಲ್ಯಾಬಿನ ಬಾಗಿಲು ತೆಗೆದರೆ ಬರೀ ಮೇಜುಗಳು.

“ರಿಪೇರಿಗೆ ಕಳಿಸಿದೀನಿ ಮೇಡಂ,” ಎಂದರು ಹೆಡ್‌ಮಾಸ್ಟರು. “ಕೂಡೋದರಲ್ಲಿ ಹತ್ತು ಕಮ್ಮಿ ತೋರಿಸ್ತವೆ ಅಂತ ಬರೆದು ಕೊಟ್ಟಿದೀನಿ. ನೋಡ್ತೀವಿ ಅಂದಿದಾರೆ.”

“ಯಾವಾಗ ಬರ್ತವೆ?”

“ಸರಿ ಹೋದ ಮೇಲೆ.”

ಏನೂ ಕೆಟ್ಟಿಲ್ಲದ್ದು ಯಾವಾಗ ಸರಿ ಹೋದೀತು? ಮೇಡಂ ಮಾತು ಬೆಳೆಸುವ ಮೊದಲೇ ಹೆಡ್‌ಮಾಸ್ಟರು ಬೀರುವಿನಿಂದ ಒಂದು ಪುಸ್ತಕ ತೆಗೆದು ಸಂಭ್ರಮದಿಂದ ಅವರ ಕೈಗಿತ್ತರು. ‘ಖಚಿತ ಅಂಕ’, ತಿದ್ದಿದ ಹೊಸ ಮುದ್ರಣ.

“ಗೆದ್ದುಬಿಟ್ರಲ್ಲ ಮೇಡಂ! ನಿಮ್ಮ ಮಾತನ್ನೇ ಹಾಕಿದಾರೆ ನೋಡಿ.”

ಮೇಡಂ ಆರನೆಯ ಪ್ರೋಗ್ರಾಮು ತೆರೆದರು. ಹೆಡ್ಡಿಂಗು ಇದ್ದಂತೆಯೇ ಇತ್ತು, ಒಂದರಿಂದ ಹತ್ತರವರೆಗಿನ ಮೊತ್ತ. ಮೂರನೇ ಸಾಲನ್ನು ಯಾರೂ ಮುಟ್ಟಿರಲಿಲ್ಲ. ಚೌಕದೊಳಗೆ ಮಾತ್ರ ‘೫೫’ ಹೋಗಿ ‘೪೫’ ಬಂದಿತ್ತು. ಪಕ್ಕದಲ್ಲಿ ಎರಡು ನಕ್ಷತ್ರ, ಕೆಳಗೊಂದು ಸೂಚನೆ: ಅತಿ ಮುಖ್ಯ, ೫೫ ಎಂದು ಬರೆದರೆ ಅಂಕವಿಲ್ಲ.

ಪುಸ್ತಕ ಹಿಡಿದುಕೊಂಡೇ ತರಗತಿಗೆ ಹೋದರು. ಹೊಸ ಮಕ್ಕಳು, ನಲವತ್ತು ಜನ. ಎಲ್ಲರ ಮುಂದೂ ಹೊಸ ಗೈಡು. ಮೇಡಂ ಹಲಗೆಯ ಮೇಲೆ ಅದೇ ಪ್ರೋಗ್ರಾಮು ಬರೆದು ತಿರುಗುವಷ್ಟರಲ್ಲಿ ಮಕ್ಕಳು ಚೌಕ ಎಳೆದು ಉತ್ತರ ತುಂಬಿಸಿಯಾಗಿತ್ತು.

“ಎಷ್ಟು ಬರೆದ್ರಿ?”

“ನಲವತ್ತೈದು!” ಎಂದು ತರಗತಿ ಒಂದೇ ಕಂಠದಲ್ಲಿ ಕೂಗಿತು.

“ಹೆಡ್ಡಿಂಗಲ್ಲಿ ಹತ್ತರವರೆಗೆ ಅಂತ ಇದೆ. ಕೂಡಿದ್ರೆ ಐವತ್ತೈದು ಆಗ್ಬೇಕಲ್ವಾ? ನಲವತ್ತೈದು ಹೇಗೆ ಬಂತು?”

ಮುಂದಿನ ಬೆಂಚಿನಿಂದ ಎರಡು ಜಡೆಯ ಹುಡುಗಿ ಎದ್ದು ನಿಂತಳು, ಪಾಠ ಒಪ್ಪಿಸುವವಳ ಹಾಗೆ ಕೈಕಟ್ಟಿ.

“ಹೋದ ವರ್ಷ ಒಬ್ಬಳು ಅಕ್ಕ ಅದನ್ನೇ ಬರೆದಳಂತೆ ಮೇಡಂ. ಪರೀಕ್ಷಕರೂ ಒಪ್ಪಿಕೊಂಡರಂತೆ, ನೀವೂ ಸಹಿ ಹಾಕಿದ್ರಂತೆ. ಅದಕ್ಕೇ ಅದು ಸರಿ.”

ಮೇಡಂಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅಷ್ಟು ಹಟ ಹಿಡಿದು ತಾವು ಕಾದಾಡಿದ್ದು ಒಂದು ಅಂಕಿಗಾಗಿ ಅಲ್ಲ. ಆದರೆ ಕೈಗೆ ಸಿಕ್ಕಿದ್ದು ಒಂದು ಅಂಕಿ ಮಾತ್ರ. ಸಿಟ್ಟು ಬಂತು, ಪರೀಕ್ಷಕರ ಮೇಲೆ, ಹೆಡ್‌ಮಾಸ್ಟರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಈ ಮಕ್ಕಳನ್ನು ಹೀಗೆ ಕೈಕಟ್ಟಿ ನಿಲ್ಲುವಂತೆ ಮಾಡಿದ ತಮ್ಮ ಮೇಲೆ. ಡಸ್ಟರು ತೆಗೆದುಕೊಂಡು ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದರು, ಚೌಕವನ್ನೂ ಸೇರಿಸಿ.

“ಗೈಡ್ ಪಕ್ಕಕ್ಕಿಡಿ. ಇವತ್ತು ಇದನ್ನ ಹೇಗೆ ಯೋಚನೆ ಮಾಡೋದು ಅಂತ ಹೇಳ್ತೀನಿ. ಕಂಪ್ಯೂಟರ್ ಇಲ್ಲ, ಪರವಾಗಿಲ್ಲ. ನಾವೇ ಕಂಪ್ಯೂಟರ್ ಆಗೋಣ. ಒಂದೊಂದೇ ಸಾಲು, ಅದು ಹೇಳಿದಷ್ಟೇ ಮಾಡ್ತಾ ಹೋಗೋಣ.”

ಎರಡು ಜಡೆಯವಳು ಕೂತಿರಲಿಲ್ಲ. ಕೈ ಎತ್ತಿದಳು.

“ಮೇಡಂ, ಇದು ಪರೀಕ್ಷೆಗೆ ಬರುತ್ತಾ?”

ಮೇಡಂ ಅವಳನ್ನು ನೋಡಿದರು. ಸುಳ್ಳು ಹೇಳಿಬಿಡಬಹುದಿತ್ತು. ಒಂದು ಸುಳ್ಳಿಗೆ ನಲವತ್ತು ಜೋಡಿ ಕಣ್ಣು ಹಲಗೆಯ ಮೇಲೆ ನೆಟ್ಟು ಕೂರುತ್ತಿದ್ದವು. ಆದರೆ ಈ ಒಂದು ವಿಷಯದಲ್ಲಿ ಇನ್ನು ಸುಳ್ಳು ಹೇಳುವುದು ಅವರಿಂದ ಆಗಲಿಲ್ಲ.

“ಬರಲ್ಲ,” ಎಂದರು.

ನಲವತ್ತು ನೋಟ್‌ಬುಕ್ಕು ಒಟ್ಟಿಗೆ ಮುಚ್ಚಿಕೊಂಡವು. ಪೆನ್ನುಗಳ ಮುಚ್ಚಳ ಟಕಟಕ ಬಿದ್ದವು. ಹಿಂದಿನ ಬೆಂಚಿನವರು ಕಿಟಕಿಯಾಚೆ ನೋಡತೊಡಗಿದರು, ಮುಂದಿನವರು ಮರ್ಯಾದೆಗೆಂದು ಕಣ್ಣು ತೆರೆದಿಟ್ಟುಕೊಂಡು ಕೂತರು. ಮೇಡಂ ಖಾಲಿ ಹಲಗೆಯ ಕಡೆ ತಿರುಗಿ, ಸೀಮೆಸುಣ್ಣ ಎತ್ತಿಕೊಂಡು, ಮೊದಲನೆಯ ಸಾಲಿನಿಂದ ಶುರು ಮಾಡಿದರು.